ಅಪ್‌ಡೇಟ್: ತೆರೆದ ಹೆಡ್‌ಫೋನೋ, ಮುಚ್ಚಿದ ಹೆಡ್‌ಫೋನೋ?

ಕನ್ನಡಕ ಧರಿಸುವವರು ಗಂಟೆಗಟ್ಟಲೆ ಸಂಗೀತ ಕೇಳಲು ಹಿಂಬದಿ ತೆರೆದಿರುವ (ಹೊರಬದಿಯಿಂದ ಗಾಳಿಯೂ ಸದ್ದೂ ಹಾದುಹೋಗುವಂಥ) ಹೆಡ್‌ಫೋನ್ ಸೂಕ್ತವೋ ಮುಚ್ಚಿರುವುದೋ ಎಂದು ಕೇಳಿದ್ದೆ. ಎರಡನ್ನೂ ತಲೆಗೆ ಹಾಕಿ ನೋಡದೆ ಕೊಳ್ಳಬೇಡಿ ಎಂದು ಹಲವರು ಸಲಹೆ ನೀಡಿದ್ದರು. ಹಾಗೆಯೇ ಹೋಲಿಸಿ ನೋಡಿ, ತೆರೆದ ಬಗೆಯ ಸೆನ್‌ಹೈಸರ್ ಎಚ್‌ಡಿ 600 ಅನ್ನು ಆರಿಸಿಕೊಂಡಿದ್ದೇನೆ.

ಮುಚ್ಚಿದ ಹೆಡ್‌ಫೋನಿನಲ್ಲಿ ಬೇಸ್ (ತಗ್ಗು ಸ್ಥಾಯಿಯ ನಾದ) ಮೊದಲಿಗೆ ತುಂಬಿಕೊಂಡಂತೆ ಕೇಳಿಸಿ ಮನಸೆಳೆಯಿತಾದರೂ, ಕನ್ನಡಕದ ಕಡ್ಡಿ ಮೆತ್ತೆಯ ಅಂಚನ್ನು ಎತ್ತಿ ಹಿಡಿಯುವುದರಿಂದ ಅಲ್ಲೊಂದು ಸಣ್ಣ ಸಂದು ಉಳಿದು, ಆ ಬೇಸೇ ಸೋರಿಹೋಗುತ್ತಿತ್ತು. ಕನ್ನಡಕ ತೆಗೆದೊಡನೆ ಅದು ಮರಳುತ್ತಿದ್ದುದರಿಂದ ಕಾರಣದ ಬಗ್ಗೆ ಅನುಮಾನ ಉಳಿಯಲಿಲ್ಲ. ಕೃತಕ ಚರ್ಮದ ಮೆತ್ತೆಯೊಳಗೆ ಕಿವಿ ಬೆವರುವುದು ಬೇರೆ. ತೆರೆದದ್ದರಲ್ಲಿ ಬೇಸ್ ಹಿತಮಿತವಾಗಿದೆ. ಆದರೆ ಪಿಟೀಲಿನ ಕಮಾನು ತಂತಿಯನ್ನು ಮುಟ್ಟುವಾಗಿನ ಸಣ್ಣ ಕೆರೆತವೂ, ಗಾಯಕರು ಉಸಿರೆಳೆದುಕೊಳ್ಳುವ ಸದ್ದೂ ಬಿಡಿಬಿಡಿಯಾಗಿ ಕೇಳಿಸುತ್ತವೆ, ಮತ್ತು ನನಗೆ ಬೇಕಾಗಿದ್ದುದು ಇದೇ.

ಈ ಹೆಡ್‌ಫೋನಿನ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) 300 ಓಮ್‌ನಷ್ಟು ಹೆಚ್ಚಾಗಿರುವುದರಿಂದ ಫೋನಿಗೆ ನೇರವಾಗಿ ಜೋಡಿಸಿದಾಗ ಸದ್ದು ಸಾಲುವುದಿಲ್ಲ. ಸಣ್ಣದೊಂದು ಆಂಪ್ಲಿಫೈಯರ್ ಬಳಸುತ್ತಿದ್ದೇನೆ. ಪಕ್ಕದಲ್ಲಿರುವವರಿಗೂ ಹಾಡು ಕೇಳಿಸುತ್ತದೆಯಾದ್ದರಿಂದ ಪ್ರಯಾಣಕ್ಕೆ ಮಾತ್ರ ಹಳೆಯ ಇಯರ್‌ಫೋನೇ ಗತಿ.