ಸಹಾಯ ಬೇಕು: ಕುಶನ್ ಕವರ್‌ನ ಮೂಲೆಯಲ್ಲಿ ಪೈಪಿಂಗ್ ಕೂರುತ್ತಿಲ್ಲ

ನನ್ನದು ಹೊಸಬರು ಕಲಿಯುವ ಸಣ್ಣ ಮೆಷಿನ್. ಕುಶನ್ ಕವರ್‌ಗೆ ಪೈಪಿಂಗ್ (ಅಂಚಿನ ಸುತ್ತ ಬರುವ, ಒಳಗೆ ದಾರವಿರುವ ಉಬ್ಬು ಪಟ್ಟಿ) ಹಾಕುತ್ತಿದ್ದೇನೆ. ಪಟ್ಟಿಯನ್ನು 45 ಡಿಗ್ರಿ ಓರೆಯಲ್ಲೇ ಕತ್ತರಿಸಿ, ಒಳಗೆ ದಾರ ಇಟ್ಟು, ಜಿಪ್ ಫುಟ್ (ಜಿಪ್ ಹೊಲಿಯಲು ಮೆಷಿನ್‌ಗೆ ಹಾಕುವ ಕಿರಿದಾದ ಪಾದ) ಹಾಕಿ ಹೊಲಿದೆ. ನೇರ ಅಂಚು ಚೆನ್ನಾಗೇ ಬಂತು, ನನಗೇ ಆಶ್ಚರ್ಯ! ಮೂಲೆಗೆ ಬಂದರೆ ಮಾತ್ರ ಫಜೀತಿ. ನಾಲ್ಕು ಪದರ ಬಟ್ಟೆ ಸೇರುವ ಕಡೆ ಮೆಷಿನ್ ಗುರ್ ಅಂತ ನಿಂತುಬಿಡುತ್ತದೆ, ಕೈಯಲ್ಲೇ ಚಕ್ರ ತಿರುಗಿಸಬೇಕು. ಕವರ್ ಮಗುಚಿ ನೋಡಿದರೆ ಪೈಪಿಂಗ್‌ನ ಮೊದಲ ಹೊಲಿಗೆ ಹೊರಗೇ ಇಣುಕುತ್ತದೆ, ಮೂಲೆ ಬೆಕ್ಕಿನ ಕಿವಿ ಥರ ಚೂಪಾಗಿ ನಿಂತಿರುತ್ತದೆ. ಎರಡು ಸಲ ಬಿಚ್ಚಿದ್ದಾಯಿತು, ಬಟ್ಟೆಯೂ ಎಳೆಎಳೆ ಬಿಡುತ್ತಿದೆ.

ಈಗ 14 ನಂಬರ್ ಸೂಜಿ ಇದೆ, 16 ಹಾಕಿದರೆ ಸರಿಹೋಗುತ್ತಾ? ಮೂಲೆಯಲ್ಲಿ ಪಟ್ಟಿಗೆ ಸಣ್ಣ ಸಣ್ಣ ಕಟ್ ಕೊಟ್ಟು ದುಂಡಗೆ ತಿರುಗಿಸುವುದೇ ವಾಸಿ ಅಲ್ವಾ? ಕಟ್ ಹೊಲಿಗೆಗೆ ಎಷ್ಟು ಹತ್ತಿರ ಬರಬಹುದು? ಮಾಡಿದವರು ದಯವಿಟ್ಟು ತಿಳಿಸಿ.