ಪೀರ್ ಡಿಸ್ಕವರಿ: ‘ಸರೀಕರ ಪತ್ತೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಕಾಲೇಜು ವಿದ್ಯಾರ್ಥಿಗಳಿಗಾಗಿ ಬಿಟ್‌ಕಾಯಿನ್ ಮತ್ತು ಖಾಸಗಿತನದ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ಪೀರ್ ಡಿಸ್ಕವರಿ’, ಅಂದರೆ ಜಾಲದ ಒಂದು ಕಂಪ್ಯೂಟರ್ ತನ್ನಂಥ ಬೇರೆ ಕಂಪ್ಯೂಟರ್‌ಗಳನ್ನು (ಪೀರ್‌ಗಳನ್ನು) ಹುಡುಕಿಕೊಳ್ಳುವುದು, ಎಂಬಲ್ಲಿ ತಡೆದು ನಿಂತಿದ್ದೇನೆ, ನಿಮ್ಮ ಸಲಹೆ ಬೇಕು.

ಪೀರ್ ಅಂದಾಗ ನಮ್ಮ ಕಡೆಯ ‘ಸರೀಕ’ ನೆನಪಾಯಿತು. ಬಿಟ್‌ಕಾಯಿನ್ ಜಾಲದಲ್ಲಿ ಯಜಮಾನ ಸರ್ವರ್ ಇಲ್ಲ, ಎಲ್ಲ ನೋಡ್‌ಗಳೂ (ಜಾಲಕ್ಕೆ ಸೇರಿದ ಕಂಪ್ಯೂಟರ್‌ಗಳೂ) ಸಮಾನ. ಅಷ್ಟರ ಮಟ್ಟಿಗೆ ಪದ ಚೆನ್ನಾಗಿ ಕೂರುತ್ತದೆ. ಆದರೆ ಮಂಡ್ಯದ ಮಾತಿನಲ್ಲಿ ಸರೀಕರೆಂದರೆ ಗುರುತಿನವರು. ‘ಸರೀಕರ ಮುಂದೆ ತಲೆ ಎತ್ಕೊಂಡು ಓಡಾಡ್ಬೇಕು’ ಅನ್ನುತ್ತೇವಲ್ಲ. ಜಾಲದ ಪೀರ್ ಮುಖ ಕಾಣದವನು, ಬೇಹುಗಾರನೂ ಆಗಿರಬಹುದು.

ಡಿಸ್ಕವರಿ ಇನ್ನೂ ತೊಡಕಿನದು. ‘ಅನ್ವೇಷಣೆ’ ಎಂದರೆ ಹುಡುಕುವವರು ನಾವು ಮಾತ್ರ ಅನ್ನಿಸುತ್ತದೆ. ಹೊಸ ನೋಡ್ ಮೊದಲು ಡಿಎನ್‌ಎಸ್ ಸೀಡ್‌ಗಳನ್ನು (ಬೇರೆ ನೋಡ್‌ಗಳ ವಿಳಾಸ ಹೇಳುವ ಸರ್ವರ್‌ಗಳನ್ನು) ಕೇಳಿ ಕೆಲವು ನೋಡ್‌ಗಳ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅವುಗಳನ್ನು ತಲುಪುವ ಸಂಖ್ಯೆ, ಪಡೆಯುತ್ತದೆ. ಆಮೇಲೆ ಸಿಕ್ಕ ಪೀರ್‌ಗಳಿಂದ ಮತ್ತಷ್ಟು ತಿಳಿದುಕೊಂಡು, ತನಗೆ ಗೊತ್ತಿದ್ದನ್ನೂ ಹಂಚುತ್ತದೆ. ಪ್ರಾಕ್ಸಿ (ನಮ್ಮ ಪರವಾಗಿ ಸಂಪರ್ಕ ಮಾಡುವ ಮಧ್ಯವರ್ತಿ ಕಂಪ್ಯೂಟರ್) ಹಿಂದೆ ಇರುವವರು ಎಚ್ಚರವಾಗಿರಬೇಕಾದದ್ದು ಇಲ್ಲೇ. ಆ ಡಿಎನ್‌ಎಸ್ ಪ್ರಶ್ನೆ ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ಹೊರಟರೆ, ಈ ಮನೆಯಲ್ಲಿ ಯಾರೋ ಬಿಟ್‌ಕಾಯಿನ್ ಬಳಸುತ್ತಿದ್ದಾರೆಂದು ಇಂಟರ್ನೆಟ್ ಕೊಡುವ ಕಂಪನಿಗೆ ಸುಳಿವು ಸಿಗುತ್ತದೆ.

ಪ್ರಾಕ್ಸಿಯೊಳಗಿಂದಲೇ ಹೋದರೂ ಮುಗಿಯಲಿಲ್ಲ. ಟಾರ್ (ನಮ್ಮ ಐಪಿ ವಿಳಾಸ ಮರೆಮಾಚುವ ಜಾಲ) ಮೂಲಕ ಬಿಟ್‌ಕಾಯಿನ್ ಬಳಸುವುದರ ಬಗ್ಗೆ ಸಂಶೋಧಕರಾದ ಬಿರ್ಯುಕೋವ್ ಮತ್ತು ಪುಸ್ತೊಗಾರೊವ್ 2015ರ ಪ್ರಬಂಧದಲ್ಲಿ ತೋರಿಸಿದ ದಾಳಿ ಇದು: ದಾಳಿಕೋರ ನಮ್ಮ ನೋಡ್‌ಗೆ ಬೇರೆ ಯಾರಿಗೂ ಕೊಡದ ಒಂದಷ್ಟು ಸುಳ್ಳು ವಿಳಾಸಗಳನ್ನು ತುಂಬುತ್ತಾನೆ. ಮುಂದೊಮ್ಮೆ ನಾವು ಬೇರೆ ದಾರಿಯಿಂದ ಬಂದಾಗ ‘ನಿನಗೆ ಗೊತ್ತಿರುವ ವಿಳಾಸ ಹೇಳು’ ಎಂದು ಕೇಳುತ್ತಾನೆ. ಅವೇ ವಾಪಸ್ ಬಂದರೆ ಗುರುತು ಸಿಕ್ಕಿತು. ದನಕ್ಕೆ ಮುದ್ರೆ ಒತ್ತಿ ಮೇಯಲು ಬಿಟ್ಟಂತೆ. ಈಗಿನ ಬಿಟ್‌ಕಾಯಿನ್ ಕೋರ್ (ನೋಡ್ ನಡೆಸುವ ತಂತ್ರಾಂಶ), ಯಾವ ಪೀರ್‌ಗೆ ತಾನೇ ಹೋಗಿ ಸಂಪರ್ಕ ಮಾಡಿತೋ ಆ ಪೀರ್ ಹೀಗೆ ಕೇಳಿದರೆ ಉತ್ತರಿಸುವುದಿಲ್ಲ. ಒಳ್ಳೆಯ ತಡೆಯೇ, ಆದರೆ ವಿದ್ಯಾರ್ಥಿಗಳಿಗೆ ಮೊದಲು ಅಪಾಯ ಅರ್ಥವಾಗಬೇಕು.

ಅದಕ್ಕೇ ನನ್ನ ಒಲವು ‘ಪತ್ತೆ’ಯ ಕಡೆ. ‘ಪತ್ತೆ ಮಾಡಿದರು’ ಎಂದರೆ ಹುಡುಕಿದರು, ‘ಪತ್ತೆಯಾದರು’ ಎಂದರೆ ಸಿಕ್ಕಿಬಿದ್ದರು. ಎರಡೂ ಮುಖ ಒಂದೇ ಪದದಲ್ಲಿವೆ. ‘ಸರೀಕರ ಪತ್ತೆ’ ಎಂದಾಗ ಸರೀಕರನ್ನು ಹುಡುಕುವುದು ಎಂದಷ್ಟೇ ಕೇಳಿಸುತ್ತದೋ, ಸರೀಕರೇ ನಮ್ಮನ್ನು ಪತ್ತೆ ಮಾಡುವುದು ಎಂದೂ ಕೇಳಿಸುತ್ತದೋ?

ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆಯವರು ದಯವಿಟ್ಟು ಹೇಳಿ: ಗುರುತೇ ಇಲ್ಲದವರನ್ನು ಸರೀಕ ಅನ್ನುವ ಬಳಕೆ ನಿಮ್ಮಲ್ಲಿ ಇದೆಯೇ? ಇಲ್ಲವಾದರೆ ‘ಪೀರ್’ ಎಂದೇ ಉಳಿಸಿಕೊಂಡು ‘ಪೀರ್ ಪತ್ತೆ’ ಅನ್ನುತ್ತೇನೆ.