ಮಕ್ಕಳೇ ಮಕ್ಕಳಿಗೆ ಅಂಕ ಹಾಕಿದರೆ ಗೆಳೆತನ ಕೆಡುತ್ತಾ?

ಗಂಗಾವತಿ ಟೀಚರ್:
ಎಂಟನೇ ತರಗತಿಗೆ ಸಮಾಜ ವಿಜ್ಞಾನ ತಗೊಳ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆ ಬಗ್ಗೆ ಗುಂಪು ಪ್ರಾಜೆಕ್ಟ್ ಇತ್ತು. ಗುಂಪಿನಲ್ಲಿ ಯಾರು ಎಷ್ಟು ದುಡಿದರು ಅಂತ ಒಬ್ಬರಿಗೊಬ್ಬರು ಹತ್ತಕ್ಕೆ ಅಂಕ ಹಾಕಿದರು. ಚೀಟಿಯಲ್ಲಿ ಹೆಸರಿಲ್ಲ. ಆದರೆ 7ರ ನಡುವೆ ಅಡ್ಡಗೆರೆ ಎಳೆಯುವವಳು ಇಡೀ ಕ್ಲಾಸಿಗೆ ಒಬ್ಬಳೇ! ಪಕ್ಕದ ಬೆಂಚಿನ ಗೆಳತಿಗೆ ಗೊತ್ತಾಗದೆ ಇರುತ್ತಾ? ಬಿಸಿಯೂಟಕ್ಕೆ ಒಟ್ಟಿಗೇ ಕೂರುತ್ತಿದ್ದವರು ಈಗ ಠೂ ಬಿಟ್ಟು ಸಾಲಿನ ಆ ತುದಿ, ಈ ತುದಿ. ಹುಡುಗರ ಗುಂಪೊಂದು ಮೊದಲೇ ಮಾತಾಡಿಕೊಂಡು ಎಲ್ಲರಿಗೂ 10 ಹಾಕಿದೆ, ಹೊಸದಾಗಿ ಸೇರಿದವನಿಗೆ ಮಾತ್ರ 4. 2020ರ ಶಿಕ್ಷಣ ನೀತಿ ಹೇಳುವ ಪ್ರಗತಿ ಪತ್ರದಲ್ಲೂ ಸಹಪಾಠಿಗಳ ಮೌಲ್ಯಮಾಪನ ಇದೆ. ಹಾಗಾಗಿ ಪೂರ್ತಿ ಕೈಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಮಾನ್ವಿ ಮಾಸ್ತರ್:
ಮೇಡಂ, ಅಂಕ ತೆಗೆದುಬಿಡಿ. ಕೆಲಸಕ್ಕೆ ಹಾಕಿದ 7 ಆ ವಯಸ್ಸಿನವರಿಗೆ 'ನೀನು ನನಗೆ ಅಷ್ಟೇ' ಅಂತ ಕೇಳಿಸುತ್ತೆ. ನಾನು ಎರಡೇ ಪ್ರಶ್ನೆ ಕೇಳ್ತೇನೆ. ಈ ಚಾರ್ಟಿನಲ್ಲಿ ಯಾವುದು ಚೆನ್ನಾಗಿದೆ? ಏನು ಸೇರಿಸಬೇಕು? ಅದೂ ಬೇರೆ ಗುಂಪಿನ ಚಾರ್ಟ್ ನೋಡಿ ಬರೆಯಬೇಕು. 'ನಕ್ಷೆಯಲ್ಲಿ ಮಾನ್ವಿ ಬಿಟ್ಟುಹೋಗಿದೆ' ಅಂದರೆ ತಿದ್ದಿಕೊಳ್ತಾರೆ (ನಾನಾದರೆ ಮುನಿಸಿಕೊಳ್ತೇನೆ, ಅದು ಬೇರೆ ಮಾತು). 'ನೀನು ಸೋಮಾರಿ' ಅಂದರೆ ಮಾತು ಅಲ್ಲಿಗೇ ಮುಗೀತು. ಎಫ್‌ಎ (ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನ) ಅಂಕ ಹಾಕೋದು ನಮ್ಮ ಕೆಲಸ, ಅದನ್ನು ಮಕ್ಕಳ ತಲೆಗೆ ಕಟ್ಟೋದು ಬೇಡ.

ರಾಯಚೂರು ಹುಡುಗ:
ಕಾಲೇಜಿನಲ್ಲಿ ನಮಗೆ ಗೂಗಲ್ ಫಾರ್ಮ್ ಕೊಟ್ಟಿದ್ದರು. ಹೆಸರು ಕಾಣಲ್ಲ, ಅಕ್ಷರವೂ ಇಲ್ಲ. ನನಗೆ ಯಾರೋ 3 ಹಾಕಿದರು. ಯಾರು ಅಂತ ಗೊತ್ತಿದ್ದರೆ ಅವನ ಜೊತೆ ಒಂದು ಜಗಳ ಆಡಿ ಮುಗಿಸುತ್ತಿದ್ದೆ. ಈಗ ಗುಂಪಿನ ಅಷ್ಟೂ ಜನರ ಮೇಲೆ ಅನುಮಾನ. ಆದರೆ ಮಾಸ್ತರೇ, ಅಂಕವೇ ಬೇಡ ಅನ್ನೋದು ಒಪ್ಪಲ್ಲ. ರಾತ್ರಿಯೆಲ್ಲ ಕೂತು ಪಿಪಿಟಿ ಮಾಡಿದವನಿಗೂ, ಸುಮ್ನೆ ಹೆಸರು ಸೇರಿಸಿಕೊಂಡವನಿಗೂ ಒಂದೇ ಅಂಕ ಬಂದರೆ ಅದಕ್ಕೂ ಗೆಳೆತನ ಕೆಡುತ್ತೆ.

ಮಾನ್ವಿ ಮಾಸ್ತರ್:
ನಿಜ ತಮ್ಮಾ. ಅದಕ್ಕೇ ಯಾರ ಪಾಲಿಗೆ ಯಾವ ಕೆಲಸ ಅಂತ ಮೊದಲ ದಿನವೇ ಹಾಳೆಯಲ್ಲಿ ಬರೆಸಿಕೊಳ್ಳಬೇಕು. ಕೊನೆಗೆ ಮಾಸ್ತರು ಅದನ್ನೇ ನೋಡಿ ಅಂಕ ಹಾಕಿದರಾಯ್ತು.

ಗಂಗಾವತಿ ಟೀಚರ್:
ಆ ಹೊಸ ಹುಡುಗ 'ಬೇರೆ ಗುಂಪಿಗೆ ಹಾಕಿ ಟೀಚರ್' ಅಂತಿದ್ದಾನೆ. ಹಾಕಲಾ?

ಮಾನ್ವಿ ಮಾಸ್ತರ್:
ಅವನೊಬ್ಬನನ್ನೇ ಎತ್ತಿದರೆ ಆ 4 ಸರಿ ಅಂತ ನೀವೇ ಒಪ್ಪಿದ ಹಾಗಾಗುತ್ತೆ. ಮುಂದಿನ ಪ್ರಾಜೆಕ್ಟಿಗೆ ಎಲ್ಲಾ ಗುಂಪುಗಳನ್ನೂ ಕಲಸಿಬಿಡಿ. ಅವನ ಕೈಲಿ ಏನು ಚೆನ್ನಾಗಿ ಬರುತ್ತೆ ಕೇಳಿ, ಆ ಕೆಲಸ ಅವನ ಪಾಲಿಗೇ ಬರೆಯಿರಿ.